ಮೂರನೆಯವರು

ಹಂಪನಕಟ್ಟೆಯ ಆ ಕಟ್ಟಡದ ಲಿಫ್ಟು ಕೆಟ್ಟು ಮೂರು ತಿಂಗಳು.
ಮೆಟ್ಟಿಲು ಹತ್ತಿಯೇ ಹೋದೆ.
ಚೀಲದಲ್ಲಿ ಆರ್‌ಸಿ ಕಾರ್ಡು, ಹಳೆಯ ಪಾಲಿಸಿ,
ಬಲ್ಲಾಳ್ ಡೆಂಟಿಸ್ಟರು ಮಾರಿದ ಒಂಬತ್ತು ವರ್ಷದ ಆಲ್ಟೋದ ಕೀ.
ಐವತ್ತೊಂದಕ್ಕೆ ಸ್ಟಿಯರಿಂಗ್ ಹಿಡಿದ ಹೆಂಗಸು ನಾನು.
ಇವತ್ತು ರಾತ್ರಿ ಹನ್ನೆರಡಕ್ಕೆ ವಿಮೆ ಮುಗಿಯುತ್ತದೆ.

ವಾಲ್ಟರ್ ಮಿನೇಜಸ್ ಕನ್ನಡಕ ಹಣೆಗೇರಿಸಿ ಕೇಳಿದರು:
“ಎಂತ ಮಾಡುವ ಜಲಜಕ್ಕ, ಬರೀ ಥರ್ಡ್ ಪಾರ್ಟಿಯಾ, ಫುಲ್ಲಾ?”

ನಾನು ಹೊಲಿಗೆಯವಳು.
ಇದೇ ಪ್ರಶ್ನೆಯನ್ನು ದಿನಕ್ಕೆ ಹತ್ತು ಸಲ ಕೇಳುತ್ತೇನೆ:
ಲೈನಿಂಗ್ ಬೇಕಾ, ಬೇಡವಾ?
ಬೇಡ ಎಂದವರೇ ಒಮ್ಮೆ ಬಿಸಿಲಿಗೆ ನಿಂತು
ಮರುದಿನ ತಿರುಗಿ ಬರುತ್ತಾರೆ.

ಆದರೂ ಕೇಳಿದೆ, “ಕಡಿಮೆದು ಯಾವುದು?”
“ಥರ್ಡ್ ಪಾರ್ಟಿ. ಕಾನೂನು ಕೇಳುವುದು ಅದೊಂದನ್ನೇ.
ಪಂಪ್‌ವೆಲ್ಲಲ್ಲಿ ಪೊಲೀಸ್ ಕೈ ಅಡ್ಡ ಹಿಡಿದರೆ ತೋರಿಸಲಿಕ್ಕೆ ಸಾಕು.
ಆದರೆ ನಿಮ್ಮ ಗಾಡಿಗೆ ಅದರಲ್ಲಿ ನಯಾಪೈಸೆ ಇಲ್ಲ.”

ಹಣ ನನ್ನದು, ಗಾಡಿ ನನ್ನದು, ನನಗೇ ಇಲ್ಲವೇ?

“ಒಂದನೆಯವರು ನೀವು. ಎರಡನೆಯದು ಕಂಪೆನಿ.”
“ಮೂರನೆಯವರು ಯಾರು?”
“ಗೊತ್ತಿಲ್ಲ ಮಾರಾಯ್ರೆ. ಗೊತ್ತಿಲ್ಲದವರೇ ಮೂರನೆಯವರು.”

ಮತ್ತೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಬರೆದರು.
ಡೆಂಟಿಸ್ಟರ ಎಂಟು ವರ್ಷದ ಬೋನಸ್ ಡೆಂಟಿಸ್ಟರದ್ದೇ,
ಅವರ ಜಾಗರೂಕತೆ ಗಾಡಿಯ ಜತೆ ಬರುವುದಿಲ್ಲ.
ಗಾಡಿಗೆ ಕಡಿಮೆ ಬೆಲೆ ಬರೆಸಿದರೆ ಕಂತೂ ಕಡಿಮೆ,
ಕಳೆದುಹೋದ ದಿನ ಕೈಗೆ ಬರುವುದೂ ಅಷ್ಟೇ ಕಡಿಮೆ.
ಬಂಪರ್ ಟು ಬಂಪರ್ ಇಷ್ಟು ಹಳತಕ್ಕೆ ಕೊಡುವುದಿಲ್ಲ;
ಪ್ಲಾಸ್ಟಿಕ್ಕು ಒಡೆದರೆ ಅರ್ಧ ನಿಮ್ಮ ಕೈಯಿಂದ.
“ಮತ್ತೆ, ಕೊಟ್ಟಾರ ಚೌಕಿಯಲ್ಲಿ ಬೊಳ್ಳ ಬಂದು
ಗಾಡಿ ನೀರಲ್ಲಿ ನಿಂತರೆ ಕೀ ತಿರುಗಿಸಬೇಡಿ.
ತಿರುಗಿಸಿದಿರೋ, ಇಂಜಿನ್ನು ನಿಮ್ಮದು.
ಅದಕ್ಕೆ ಬೇರೆಯೇ ಒಂದುಂಟು. ಬರೆಯಲಾ?”

ಅವರು ಬರೆಯುತ್ತಿದ್ದರು.
ನನಗೆ ಜೆಪ್ಪುವಿನ ತಿರುವು ಕಾಣುತ್ತಿತ್ತು.

ಎಂಬತ್ತೊಂಬತ್ತು. ಅಣ್ಣ ದೇಜಪ್ಪನಿಗೆ ಹತ್ತೊಂಬತ್ತು.
ಸ್ಕೂಟರಿನವನ ವಿಮೆ ಹೋದ ತಿಂಗಳಷ್ಟೇ ಮುಗಿದಿತ್ತು.
ವೆನ್ಲಾಕ್ ಆಸ್ಪತ್ರೆಯ ಬೆಂಚಿನಲ್ಲಿ ಎರಡು ಕಿಲೋ ಮೂಸಂಬಿ ಇಟ್ಟುಕೊಂಡು
ನಮಗಿಂತ ಹೆಚ್ಚು ಅತ್ತ ಆ ಮನುಷ್ಯ.
ಅಮ್ಮನೇ ಸಮಾಧಾನ ಮಾಡಬೇಕಾಯಿತು.
ಕೋರ್ಟು ಹೇಳಿದ ಮೊತ್ತ ಅವನ ಮನೆ ಮಾರಿದರೂ ಹುಟ್ಟದು.
ಐದನೇ ತಾರೀಕು ನೂರು ರೂಪಾಯಿ ತಂದ, ಏಳು ತಿಂಗಳು.
ಎಂಟನೇ ತಿಂಗಳು ನಾವು ಕಾದೆವು.
ಆಮೇಲೆ ಅಮ್ಮ ಎಂದಳು, “ಅವನಿಗೂ ಮಕ್ಕಳುಂಟು, ಬಿಡಿ.”

ಅಂದಿನಿಂದ ಅಣ್ಣನ ಪ್ಯಾಂಟಿನ ಎಡಗಾಲನ್ನು
ಒಂದೂವರೆ ಇಂಚು ಮೇಲೆ ಮಡಚಿ ಹೊಲಿಯುತ್ತೇನೆ.
ಟೇಪು ಬೇಡ, ಬೆರಳಿಗೇ ಗೊತ್ತು.
ಮೂರನೆಯವರು ಯಾರೆಂದು ಮಿನೇಜಸರನ್ನು
ನಾನು ಕೇಳಿದ್ದೇ ತಪ್ಪು.

“ಫುಲ್ ಮಾಡಿ,” ಎಂದೆ. “ಬೆಲೆ ಸರಿಯಾದ್ದೇ ಬರೆಯಿರಿ.
ಬೊಳ್ಳದ್ದೂ ಸೇರಿಸಿ.”
ನನಗೆಂದು ಬೇರೆ ಹದಿನೈದು ಲಕ್ಷದ ಗೆರೆಯೊಂದುಂಟಂತೆ,
ಅದರಲ್ಲಿ ವಾರಸುದಾರರ ಹೆಸರು ಕೇಳಿದರು.
ಸ್ವಲ್ಪ ತಡೆದು, “ದೇಜಪ್ಪ,” ಎಂದೆ.

ಮೂರು ರೇಷ್ಮೆ ರವಿಕೆಯ, ಹನ್ನೊಂದು ಯೂನಿಫಾರ್ಮಿನ ಮಜೂರಿ ಹೋಯಿತು.
ಹೋಗಲಿ. ಮಕ್ಕಳ ಅಂಗಿಗೆ ಎರಡು ಬೆರಳು ಬಟ್ಟೆ
ಒಳಗೆ ಬಿಟ್ಟೇ ಹೊಲಿಯುವವಳಲ್ಲವೇ ನಾನು?
ಬಿಚ್ಚಬೇಕಾದ ದಿನ ಬಾರದಿದ್ದರೆ ಅದೇನು ನಷ್ಟವಲ್ಲ.

ಸಂಜೆ ಪಡೀಲಿನಲ್ಲಿ ಬ್ರೇಕು ತುಸು ಜೋರಾಗಿಯೇ ಒತ್ತಿದೆ.
ಲುಂಗಿ ಎತ್ತಿ ಕಟ್ಟಿದ ಒಬ್ಬರು, ಕೈಯಲ್ಲಿ ಬಂಗುಡೆಯ ತೊಟ್ಟೆ,
ಇನ್ನೊಂದು ಕೈ ನನ್ನ ಕಡೆ ಎತ್ತಿ,
ಮುಖ ನೋಡದೆ,
ರಸ್ತೆ ತಮ್ಮದೇ ಎಂಬಂತೆ ದಾಟಿ ಹೋದರು.